ಒಂದು ಹೊತ್ತೂ ತಪ್ಪದ ಮಾತ್ರೆ

ಜೂನ್ ೧೦, ಸೋಮವಾರ

ಚಿರಂಜೀವಿ ತಮ್ಮನಿಗೆ ಅಕ್ಕ ಮಾಡುವ ಆಶೀರ್ವಾದ.

ಇವತ್ತು ನನಗೆ ಉಪವಾಸ. ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಹಾಲು ಕರೆದು, ವರ್ತನೆಯ ಮನೆಗಳಿಗೆ ಕೊಟ್ಟು ಬಂದು, ದೀಪ ಹಚ್ಚಿ ಕೂತಿದ್ದೇನೆ. ನಿನ್ನ ಭಾವನಿಗೆ ಮಾತ್ರ ಒಲೆ ಹೊತ್ತಿಸಬೇಕಾಯಿತು. ಊಟದ ವಿಷಯದಲ್ಲಿ ಅವರಿಗೂ ದೇವರಿಗೂ ಎಂದೋ ರಾಜಿಯಾಗಿದೆಯಂತೆ, ಮನೆಯಲ್ಲಿ ಒಬ್ಬರು ಉಪವಾಸವಿದ್ದರೆ ಸಾಕಂತೆ. ಉಂಡು ಎದ್ದು ಹೋದರು. ನಾನು ಹಾಳೆ ತೆಗೆದುಕೊಂಡೆ. ಫೋನು ಹಿಡಿದರೆ ನಾವಿಬ್ಬರೂ ‘ಮತ್ತೇನು’, ‘ಮತ್ತೇನಿಲ್ಲ’ ಎಂದು ಇಟ್ಟುಬಿಡುತ್ತೇವೆ, ಕಾಗದದಲ್ಲಾದರೆ ನಾಲ್ಕು ಮಾತು ಬರುತ್ತದೆ.

ಮೊದಲು ಜಗಳದ ವಿಷಯ. ನೀನು ಹೊಲಿದು ಕಳಿಸಿದ ಅಂಗಿಯನ್ನು ನಿನ್ನ ಭಾವ ತೊಟ್ಟು ನೋಡಿದರು. ಒಂದು ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿದೆ. ಇನ್ನೊಂದು ಬೆರಳುಗಳನ್ನೂ ನುಂಗಿ ಕೆಳಗೆ ಜೋಲುತ್ತಿದೆ. ‘ನಿನ್ನ ತಮ್ಮ ನಂದು ಒಂದು ಕೈ ಇನ್ನೂ ಬೆಳೆಯುತ್ತೆ ಅಂದ್ಕೊಂಡಿದಾನೆ’ ಎಂದು ಬೀದಿಯಲ್ಲೆಲ್ಲ ತೋರಿಸಿಕೊಂಡು ಬಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ದರ್ಜಿ ನೀನು. ಇಂಥ ಕೆಲಸ ನಿನ್ನ ಅಂಗಡಿಯಿಂದ ಯಾವತ್ತು ಹೊರಬಿದ್ದಿದೆ?

ಇನ್ನು ನಿನ್ನ ಕಾಗದ. ಹಾಳೆಯ ಎಡಗಡೆಯಷ್ಟೇ ಬರೆದಿದ್ದೀಯ. ಸಾಲುಗಳೆಲ್ಲ ಅರ್ಧಕ್ಕೆ ಬಂದು, ಅಲ್ಲೇನೋ ಬೇಲಿ ಹಾಕಿದ ಹಾಗೆ ಹಿಂತಿರುಗಿವೆ. ಬಲಗಡೆ ಪೂರ್ತಿ ಖಾಲಿ. ಹಾಳೆ ಅಷ್ಟು ಅಗ್ಗವಾಯಿತೇ? ಇಲ್ಲ, ಹೆಂಡತಿ ಬರೆಯಲೆಂದು ಜಾಗ ಬಿಟ್ಟು ಅವಳು ಮರೆತಳೋ?

ನಾನು ನಿಮ್ಮ ಮನೆಗೆ ಕೊಟ್ಟ ಹೆಣ್ಣು ಹೇಗಿದ್ದಾಳೆ? ಮೋಡ ಕವಿದ ದಿನ ನನ್ನ ಪಕ್ಕೆಯ ಗಾಯದ ಗೆರೆ ಜುಮ್ಮೆನ್ನುತ್ತದೆ. ಒಂದು ಕಿಡ್ನಿ ನನ್ನಲ್ಲಿ, ಒಂದು ನಿನ್ನಲ್ಲಿ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೆನೆಸಿಕೊಳ್ಳುತ್ತಾರೆ ಅಂದುಕೊಳ್ಳುತ್ತೇನೆ. ಡಾಕ್ಟರು ಕೇಳಿದರೆ ನಗುತ್ತಾರೆ, ನಗಲಿ.

ಮಾತ್ರೆ ತಪ್ಪಿಸಬೇಡ. ಪ್ರತಿ ಕಾಗದದಲ್ಲೂ ಇದನ್ನೇ ಬರೆಯುತ್ತೇನೆಂದು ಬೇಸರ ಮಾಡಬೇಡ. ನಮ್ಮ ಬೀದಿಯ ಬಡಗಿ ನಿನಗೆ ಗೊತ್ತಲ್ಲ, ಅಣ್ಣನ ಕಿಡ್ನಿ ಹಾಕಿಸಿಕೊಂಡು ಚೆನ್ನಾಗಿಯೇ ಇದ್ದ. ಯಾರೋ ಬಂದು ‘ಈ ಮಾತ್ರೆಯೆಲ್ಲ ವಿಷ, ನಾನು ಬೇರು ಕೊಡ್ತೀನಿ’ ಅಂದರು. ಅವನು ಮಾತ್ರೆ ಬಿಟ್ಟ, ಕಿಡ್ನಿ ಅವನನ್ನು ಬಿಟ್ಟಿತು. ಅದಕ್ಕೇ ಅಲ್ಲವೇ ನೀನು ಆಸ್ಪತ್ರೆಯಿಂದ ಬಂದ ದಿನ, ದೀಪದ ಮುಂದೆ, ನನ್ನ ತಲೆಯ ಮೇಲೆ ನಿನ್ನ ಕೈ ಇಡಿಸಿ ನಾನು ಹೇಳಿಸಿದ್ದು, ಯಾರು ಏನೇ ಹೇಳಲಿ ಒಂದು ಹೊತ್ತೂ ತಪ್ಪಿಸುವುದಿಲ್ಲ ಎಂದು. ಇದುವರೆಗೆ ನೀನು ತಪ್ಪಿಸಿಲ್ಲ. ದೇವರೂ ನಮ್ಮನ್ನು ತಪ್ಪಿಸಿಲ್ಲ.

ಇಂತು ನಿನ್ನ
ಅಕ್ಕ


ಜೂನ್ ೨೧

ಅಕ್ಕನಿಗೆ ನಮಸ್ಕಾರ.

ಕೊಟ್ಟ ಹೆಣ್ಣು ಗಟ್ಟಿಯಾಗಿದ್ದಾಳೆ. ರಕ್ತ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಭಾವ ಒಂದು ಕೈಯನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ, ಆ ತೋಳು ಎಷ್ಟುದ್ದವಿದ್ದರೆ ಯಾರಿಗೆ ಕಾಣುತ್ತದೆ ಎಂದು ಬಿಟ್ಟೆ ಅಂತ ಹೇಳು.

ಹಾಳೆ ತುಂಬಾ ಬರೆದಿದ್ದೆನಲ್ಲ ಅಕ್ಕ. ಖಾಲಿ ಎಲ್ಲಿತ್ತು? ಇವಳೂ ಹಾಗೇ ಅನ್ನುತ್ತಾಳೆ. ಅಂಗಡಿಯ ಬಾಗಿಲು ಯಾಕೋ ಕಿರಿದಾಗಿದೆ, ಬಲಭುಜಕ್ಕೆ ದಿನಾ ಹೊಡೆಯುತ್ತದೆ. ಮೊನ್ನೆ ಗಿರಾಕಿಯ ಮುಂದೆ ಕತ್ತರಿ ಕೊಡು ಅನ್ನಲು ಹೋಗಿ ಚಮಚ ಕೊಡು ಅಂದೆ. ಇವಳು ನಕ್ಕಳು. ಮಾರನೆಯ ದಿನವೂ ಅಂದೆ. ಆಗ ನಗಲಿಲ್ಲ.

ಬಿಸಿಲಿಗೆ ತಲೆ ಭಾರ, ಅಷ್ಟೇ. ನೀನು ಇದಕ್ಕೊಂದು ಉಪವಾಸ ಹೂಡಬೇಡ. ಮಾತ್ರೆ ತಪ್ಪದೆ ಹೊಲಿಯುತ್ತಿದ್ದೇನೆ.

ನಿನ್ನ
ತಮ್ಮ


ಜುಲೈ ೧೨

ಅತ್ತಿಗೆಯವರಿಗೆ ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರ.

ಇದು ಅವರಿಗೆ ತಿಳಿಯದ ಹಾಗೆ ಬರೆಯುತ್ತಿರುವ ಕಾಗದ. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ‘ಅಕ್ಕಂಗೆ ಹೇಳ್ಬೇಡ, ಊಟ ಬಿಟ್ಟು ಕೂತ್ಕೊಳ್ತಾಳೆ’ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನೀವು ಹೇಗೂ ಊಟ ಬಿಡುವವರೇ, ಅದಕ್ಕೆ ಬರೆಯುತ್ತಿದ್ದೇನೆ.

ಒಬ್ಬರ ಮದುವೆಯ ಕೋಟಿಗೆ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಎಡಗಡೆಯ ಭಾಗ ಕತ್ತರಿಸಿ ‘ಆಯ್ತು’ ಎಂದು ಕತ್ತರಿ ಇಟ್ಟರು. ನಾನು ‘ಇನ್ನೊಂದು ಭಾಗ?’ ಅಂದೆ. ‘ಯಾವ ಇನ್ನೊಂದು?’ ಅಂದರು. ತಮಾಷೆ ಎಂದುಕೊಂಡೆ. ಆಮೇಲೆ ಗದ್ದ ಹಿಡಿದು ಬಲಗಡೆಗೆ ತಿರುಗಿಸಿದೆ. ‘ಓ, ಇದು ಇಲ್ಲಿತ್ತಾ’ ಎಂದು ತಾವೇ ಬೆಚ್ಚಿದರು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಕಣ್ಣು ಸರಿಯಾಗಿದೆ ಎಂದರು. ವಾರ ಕಳೆಯುವುದರೊಳಗೆ ಬಲಗೈಯಿಂದ ಕತ್ತರಿ ಜಾರಿ ಬೀಳತೊಡಗಿತು.

ಮೊದಲು ನೋಡಿದವರು ಪಾರ್ಶ್ವವಾಯು ಎಂದರು. ಸ್ಕ್ಯಾನ್ ನೋಡಿ ಅದಲ್ಲ ಎಂದರು. ಮೆದುಳಿನ ಎಡಭಾಗದಲ್ಲಿ ಬಿಳಿ ಕಲೆಗಳು ಹರಡಿವೆ. ಈಗ ಮೆದುಳಿನ ವಿಭಾಗದ ಡಾಕ್ಟರಮ್ಮ ನೋಡುತ್ತಿದ್ದಾರೆ. ಚಿಕ್ಕ ವಯಸ್ಸು, ಬಿರುಸು ಮಾತು. ಬರೆಯುತ್ತ ಬರೆಯುತ್ತ ‘ಬೇರೆ ಏನಾದ್ರೂ ಕಾಯಿಲೆ ಇತ್ತಾ?’ ಎಂದು ಕೇಳಿದರು. ‘ಕಿಡ್ನಿ ಹಾಕಿಸಿದೆ’ ಅಂದೆ. ಅವರ ಪೆನ್ನು ನಿಂತುಹೋಯಿತು.

ಹೊರಗಿನಿಂದ ಬಂದ ಕಿಡ್ನಿಯನ್ನು ಮೈ ಹೊಡೆದುಹಾಕದಿರಲಿ ಎಂದು ಆ ಮಾತ್ರೆಗಳು ಮೈಯ ಕಾಪಿನ ಶಕ್ತಿಯನ್ನೇ ತಗ್ಗಿಸಿಟ್ಟಿರುತ್ತವೆಯಂತೆ. ಬೇರೆಯವರಲ್ಲಿ ಸುಮ್ಮನೆ ಬಿದ್ದಿರುವ ವೈರಸ್ಸು ಇಂಥವರಲ್ಲಿ ಮೆದುಳಿಗೆ ಏರಬಹುದಂತೆ. ಕೆಲವು ವೈರಸ್ಸಿಗೆ ಔಷಧಿ ಇದೆ, ಕಾದು ಕೂತರೆ ಕೆಲಸ ಕೆಡುತ್ತದೆ ಎಂದು ಅದರ ಡ್ರಿಪ್ಪನ್ನು ಆಗಲೇ ಹಾಕಿದ್ದಾರೆ. ಯಾವುದೆಂದು ತಿಳಿಯಲು ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಆ ಸೂಜಿ ನೋಡಿ ಇವರು ‘ಇದಕ್ಕೆ ಹಗ್ಗಾನೇ ಪೋಣಿಸ್ಬೇಕು’ ಅಂದರು. ಅಷ್ಟು ಹೇಳಲು ಅವರಿಗೆ ಹಿಡಿದ ಹೊತ್ತು ನೋಡಿ ನರ್ಸು ಕೂಡ ಮುಖ ಆಚೆ ತಿರುಗಿಸಿದಳು.

ಇವತ್ತು ಅದರ ಫಲಿತಾಂಶ ಬಂತು. ಯಾವ ವೈರಸ್ಸೂ ಸಿಗಲಿಲ್ಲ. ಸಂತೋಷಪಡಬೇಕೋ ಏನೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ. ನೀವು ಮಾತ್ರ ಈಗ ಬರಬೇಡಿ. ನಿಮ್ಮನ್ನು ನೋಡಿದರೆ ತಮಗೆ ಏನೋ ದೊಡ್ಡದು ಆಗಿದೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

ನಿಮ್ಮ
ತಮ್ಮನ ಹೆಂಡತಿ


ಜುಲೈ ೧೮

ತಂಗಿಯಂಥವಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಉಪವಾಸವಿರಲಿಲ್ಲ, ಆದರೂ ಆಗಿಹೋಯಿತು. ಓದಿ ಮಡಿಚಿ ದೇವರ ಗೂಡಿನಲ್ಲಿಟ್ಟೆ. ‘ಏನಂತೆ?’ ಎಂದು ನಿನ್ನ ಅಣ್ಣ, ಅಂದರೆ ನಮ್ಮ ಮನೆಯವರು, ಕೇಳಿದರು. ಹೇಳಿದೆ. ಆ ಉದ್ದ ತೋಳಿನ ಅಂಗಿಯನ್ನು ಗೂಟದಿಂದ ತೆಗೆದು ಪೆಟ್ಟಿಗೆಗೆ ಹಾಕಿಬಿಟ್ಟರು. ಅದನ್ನು ಹಿಡಿದು ಬೀದಿಯೆಲ್ಲ ನಗಿಸಿದ್ದರಲ್ಲ, ಪಾಪ.

ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ನನಗೆ ತಿಳಿಯುವಷ್ಟರಲ್ಲಿ ಕೇಳುತ್ತೇನೆ. ಸಿಗಲಿಲ್ಲ ಎಂದರೆ ಇಲ್ಲ ಎಂದೋ, ಹುಡುಕಿದ್ದು ಸಾಲದು ಎಂದೋ? ಹೋದ ವರ್ಷ ನನ್ನ ಮೂಗುಬೊಟ್ಟು ಹುಲ್ಲಿನಲ್ಲಿ ಬಿದ್ದಾಗ ಮೂರು ಜನ ಹುಡುಕಿ ಇಲ್ಲವೆಂದರು. ಕೊನೆಗೆ ಹಸುವಿನ ಸಗಣಿಯಲ್ಲಿ ಸಿಕ್ಕಿತು. ಡಾಕ್ಟರಮ್ಮನನ್ನು ಇನ್ನೊಂದು ಸಲ ಕೇಳು. ಬೈದರೆ ಬೈಸಿಕೋ.

ಬರಬೇಡ ಅಂದೆ, ಬರುವುದಿಲ್ಲ. ಇಲ್ಲಿ ಹಾಲು ಕರೆಯುತ್ತೇನೆ, ಮನೆ ಸಾರಿಸುತ್ತೇನೆ, ದೀಪ ಹಚ್ಚುತ್ತೇನೆ. ಕೈ ಇಷ್ಟೆಲ್ಲ ಮಾಡುತ್ತದೆ, ಬೇಕಾದ ಒಂದು ಕೆಲಸ ಮಾತ್ರ ಅದಕ್ಕೆ ಬಾರದು. ಅವನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡು.

ಅಕ್ಕ


ಆಗಸ್ಟ್ ೮

ಅತ್ತಿಗೆಯವರಿಗೆ ನಮಸ್ಕಾರ.

ನಾನು ಕೇಳುವ ಮೊದಲೇ ಡಾಕ್ಟರಮ್ಮ ಮತ್ತೊಮ್ಮೆ ಬೆನ್ನಿನ ನೀರು ತೆಗೆಸಿದ್ದರು. ‘ನೀರಲ್ಲಿ ತುಂಬ ಕಮ್ಮಿ ಇದ್ರೆ ಮೊದಲ ಸಲ ತಪ್ಪಿಸ್ಕೊಳ್ಳುತ್ತೆ’ ಎಂದು ಬೇರೆ ಲ್ಯಾಬಿಗೆ ಕಳಿಸಿದರು. ಈ ಸಲ ಸಿಕ್ಕಿತು.

ಅದಕ್ಕೆ ಎರಡಕ್ಷರದ ಇಂಗ್ಲಿಷ್ ಹೆಸರಿದೆ. ಚಿಕ್ಕಂದಿನಲ್ಲೇ ಹೆಚ್ಚಿನವರ ಮೈ ಸೇರಿ, ಕಿಡ್ನಿಯಲ್ಲಿ ಸದ್ದಿಲ್ಲದೆ ಮಲಗಿರುತ್ತದಂತೆ. ಆಯಸ್ಸು ಮುಗಿಯುವವರೆಗೂ ಯಾರಿಗೂ ಗೊತ್ತಾಗುವುದಿಲ್ಲವಂತೆ. ಇವರಲ್ಲಿ ಎದ್ದು ಮೆದುಳಿಗೆ ಹೋಗಿದೆ. ಅಲ್ಲಿ ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದೆ. ಕೋಟಿನ ಮೇಲ್ಬಟ್ಟೆ ಚೆನ್ನಾಗಿದ್ದು, ಒಳಗಿನ ಲೈನಿಂಗನ್ನು ಹುಳ ತಿಂದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಮೊದಲು ಹಾಕಿದ್ದ ಡ್ರಿಪ್ ನಿಲ್ಲಿಸಿದರು. ಅದು ಬೇರೆ ವೈರಸ್ಸಿನದು, ಇದಕ್ಕೆ ಔಷಧಿಯೇ ಇಲ್ಲ. ಇರುವುದು ಒಂದೇ ದಾರಿ, ಕಿಡ್ನಿಯ ಮಾತ್ರೆಗಳನ್ನು ಇಳಿಸಿ ಮೈಗೆ ತನ್ನ ಶಕ್ತಿ ಮರಳಿ ಬರುವಂತೆ ಮಾಡುವುದು. ಶಕ್ತಿ ಬಂದರೆ ಅದು ವೈರಸ್ಸನ್ನೂ ಹೊಡೆಯಬಹುದು, ನಿಮ್ಮ ಕಿಡ್ನಿಯನ್ನೂ ಹೊಡೆಯಬಹುದು.

ಕಿಡ್ನಿ ಡಾಕ್ಟರೂ ಡಾಕ್ಟರಮ್ಮನೂ ನನ್ನ ಮುಂದೆಯೇ ಜಗಳಕ್ಕೆ ನಿಂತರು. ಕಿಡ್ನಿ ಡಾಕ್ಟರು ‘ಮೂರು ವರ್ಷ ಕಾಪಾಡಿದ್ದನ್ನ ನೀವು ಒಂದು ಗೆರೆ ಎಳೆದು ಕೆಡವ್ತೀರ’ ಅಂದರು.

‘ಮನೆ ಹೊತ್ತಿ ಉರೀತಿರುವಾಗ ಬಚ್ಚಲು ಉಳಿಸ್ಕೊಂಡು ಏನ್ ಮಾಡ್ತೀರಿ ಸರ್?’ ಎಂದರು ಡಾಕ್ಟರಮ್ಮ.

‘ಬಚ್ಚಲಿಲ್ಲದ ಮನೇಲಿ ಎಷ್ಟು ದಿನ ಇರ್ತಾರೆ ಮೇಡಂ?’

ಕೊನೆಗೆ ಒಂದು ಮಾತ್ರೆ ಪೂರ್ತಿ ನಿಲ್ಲಿಸಿ, ಇನ್ನೊಂದನ್ನು ಅರ್ಧಕ್ಕಿಳಿಸಿ, ರಕ್ತ ನೋಡುತ್ತ ಅದನ್ನೂ ಬಿಡಿಸುವುದೆಂದಾಯಿತು. ಇವರು ಎಲ್ಲ ಕೇಳಿಸಿಕೊಂಡರು. ‘ಅಕ್ಕಂದು’ ಅಂದರು. ಮತ್ತೆ ‘ಅಕ್ಕಂದು, ಅಕ್ಕಂದು’ ಎಂದು ಹೊಟ್ಟೆ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಏನೋ ಹೊಳೆದವರ ಹಾಗೆ ತಲೆಯಾಡಿಸಿ ಒಪ್ಪಿಕೊಂಡರು. ಮನೆಗೆ ಕಳಿಸಿದ್ದಾರೆ. ಅಂಗಡಿಯಲ್ಲೇ ಮಂಚ ಹಾಕಿದ್ದೇನೆ, ಹೊಲಿಗೆ ಯಂತ್ರದ ಸದ್ದು ಕೇಳಿಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

ನಿಮ್ಮ
ತಮ್ಮನ ಹೆಂಡತಿ


ಆಗಸ್ಟ್ ೧೫

ತಂಗಿಗೆ ಆಶೀರ್ವಾದ.

ಡಾಕ್ಟರಮ್ಮನನ್ನು ಎರಡು ಮಾತು ಕೇಳಿ ಬರೆ.

ಒಂದು, ಕಿಡ್ನಿಯಲ್ಲಿ ಮಲಗಿರುತ್ತದೆ ಎಂದೆಯಲ್ಲ, ಅದು ಯಾರ ಕಿಡ್ನಿಯಲ್ಲಿ ಮಲಗಿತ್ತು? ಅವನದರಲ್ಲೋ ನಾನು ಕೊಟ್ಟದ್ದರಲ್ಲೋ? ಕೊಡುವ ಮೊದಲು ನನಗೆ ಎಷ್ಟೋ ಪರೀಕ್ಷೆ ಮಾಡಿದರು, ಎಲ್ಲ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು. ಹೆಣ್ಣು ಕೊಡುವಾಗ ಅವಳು ಸೆರಗಿನಲ್ಲಿ ಏನು ಕಟ್ಟಿಕೊಂಡು ಹೋದಳೋ ತಾಯಿಗೆ ಹೇಗೆ ಗೊತ್ತಾಗಬೇಕು?

ಎರಡು, ಅದು ಹೋದರೆ ಇನ್ನೊಂದಿದೆ. ನನಗೆ ಐವತ್ತಾಯಿತು, ಬೇಕಾದ್ದೆಲ್ಲ ನೋಡಿದ್ದೇನೆ. ಇದನ್ನೂ ತೆಗೆದುಕೊಳ್ಳಲಿ. ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ‘ನಿನ್ನ ತಲೆ ಕೊಟ್ಟು ಬಾ, ಅದು ನಿನಗೆ ಉಪಯೋಗಕ್ಕೆ ಬರ್ತಾ ಇಲ್ಲ’ ಎಂದು ರೇಗಿದರು. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಉಜ್ಜುತ್ತ ನಿಂತುಬಿಟ್ಟರು. ಅವರು ಕೊಟ್ಟಿಗೆಗೆ ಕಾಲಿಡುವವರೇ ಅಲ್ಲ.

ದೇವರ ಮುಂದೆ ಕೂತರೆ ಏನು ಕೇಳಬೇಕೆಂದೇ ತಿಳಿಯುತ್ತಿಲ್ಲ. ಕಿಡ್ನಿ ಉಳಿಸು ಎಂದರೆ ಮೆದುಳು ಹೋಗಲಿ ಎಂದ ಹಾಗೆ. ಮೆದುಳು ಉಳಿಸು ಎಂದರೆ ಕಿಡ್ನಿ. ಇಷ್ಟು ವರ್ಷ ಕೇಳಿ ಕೇಳಿ ಅಭ್ಯಾಸವಾದ ಬಾಯಿ, ಈಗ ಹೆಸರು ಹೇಳಿ ಸುಮ್ಮನೆ ಎದ್ದು ಬರುತ್ತೇನೆ.

ಅವನಿಗೆ ಇದ್ಯಾವುದನ್ನೂ ಓದಿ ಹೇಳಬೇಡ.

ಅಕ್ಕ


ಸೆಪ್ಟೆಂಬರ್ ೧೪

ಅತ್ತಿಗೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ನೀವು ಕೇಳಿದ ಮೊದಲನೆಯದಕ್ಕೆ ಡಾಕ್ಟರಮ್ಮ ‘ಯಾರದ್ದು ಅಂತ ಯಾರಿಂದಲೂ ಹೇಳೋಕಾಗಲ್ಲ, ಅವರದ್ದೇ ಇರಬಹುದು, ಅದನ್ನ ಯೋಚಿಸ್ಬೇಡಿ ಅನ್ನಿ’ ಎಂದರು. ಎರಡನೆಯದಕ್ಕೆ ನಿಮ್ಮ ಕಾಗದವನ್ನು ಇಸಿದುಕೊಂಡು ತಾವೇ ಒಮ್ಮೆ ಓದಿ ವಾಪಸ್ ಕೊಟ್ಟರು.

ಈಗ ನಡೆದದ್ದು, ಮೊನ್ನೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಮಾತ್ರೆ ಇಳಿಸಿ, ಆ ಉಳಿದ ಅರ್ಧವನ್ನೂ ಬಿಡಿಸಿದ ಮೇಲೂ ಇವರು ಇಳಿಯುತ್ತಲೇ ಹೋದರು. ಬಲಗಾಲು ಎಳೆಯತೊಡಗಿತು. ಮಾತು ನಾಲ್ಕೈದಕ್ಕೆ ಬಂದು ನಿಂತಿತು. ಮಾತ್ರೆಯ ಅಂಶ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುತ್ತಾರೆ. ಇಳಿದಿರಬೇಕಾಗಿತ್ತು, ಮೊದಲಿನಷ್ಟೇ ಇತ್ತು.

‘ನಿಲ್ಲಿಸಿ ಅಂದಿದ್ದು ನಿಮಗೆ ಅರ್ಥ ಆಗ್ಲಿಲ್ವಾ?’ ಎಂದರು ಡಾಕ್ಟರಮ್ಮ.

‘ನಾನು ಕೊಡ್ತಾನೇ ಇಲ್ಲ ಮೇಡಂ.’

‘ಮತ್ತೆ ರಕ್ತದೊಳಗೆ ಆಕಾಶದಿಂದ ಉದುರಿತಾ?’

ಎಲ್ಲರೆದುರು ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಮನೆಗೆ ಬಂದು ಅಂಗಡಿಯೆಲ್ಲ ಜಾಲಾಡಿದೆ. ಮಂಚದ ಎದುರು ಯಾರೂ ಬಿಡಿಸಿಕೊಂಡು ಹೋಗದ ಹಳೆಯ ಕೋಟೊಂದು ತೂಗುತ್ತಿತ್ತು. ಅದರ ಭುಜ ಒಂದು ಕಡೆ ಉಬ್ಬಿತ್ತು. ಹೊಲಿಗೆ ಬಿಚ್ಚಿದೆ. ಒಳಗಿನ ಹತ್ತಿಯ ನಡುವೆ ಮಾತ್ರೆಗಳು. ಮುಂಗಡವಾಗಿ ತಂದಿಟ್ಟ ದಾಸ್ತಾನು, ಮುಗಿದಿದೆ ಎಂದು ನನಗೆ ಖಾಲಿ ಡಬ್ಬಿ ತೋರಿಸಿದ್ದರು. ಎಡಗೈಯಲ್ಲಿ ಹಾಕಿದ ಹೊಲಿಗೆ, ಸೊಟ್ಟ ಸೊಟ್ಟ. ಪ್ರತಿ ದಿನ ಬಿಚ್ಚಿ, ತೆಗೆದು, ಮತ್ತೆ ಹಾಕಿದ್ದಾರೆ.

ಯಾಕೆ ಎಂದು ಕೂಗಾಡಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ‘ಅಕ್ಕ,’ ಅಂದರು. ‘ದೀಪ,’ ಅಂದರು. ಆಗ ತಿಳಿಯಿತು. ‘ಅಕ್ಕನೇ ಬಿಡು ಅಂದಿದ್ದಾರೆ ಕಣ್ರೀ’ ಅಂದೆ. ಕೈ ಕೊಸರಿಕೊಂಡು ‘ಯಾರು ಏನೇ’ ಎಂದರು. ಅವರಲ್ಲಿ ಉಳಿದಿರುವ ನಾಲ್ಕೈದು ಮಾತಿನಲ್ಲಿ ಅದೂ ಒಂದು. ಬೇರೆ ಯಾವುದನ್ನೂ ಹಾಗೆ ಉಳಿಸಿಕೊಂಡಿಲ್ಲ.

ಮೊನ್ನೆ ನೀವು ಫೋನಿನಲ್ಲಿ ಅಷ್ಟು ಹೊತ್ತು ಬಿಡಿಸಿ ಹೇಳಿದಿರಿ. ನಿಮ್ಮ ದನಿಗೆ ನಕ್ಕರು. ಮಾತು ಒಳಗೆ ಇಳಿಯಲಿಲ್ಲ. ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ‘ತಿಂಗಳ ಹಿಂದೆ ಗೊತ್ತಾಗಿದ್ರೆ’ ಎಂದು ಅಷ್ಟಕ್ಕೇ ನಿಲ್ಲಿಸಿದರು. ಈಗ ಮತ್ತೆ ವಾರ್ಡಿಗೆ ಸೇರಿಸಿದ್ದಾರೆ, ಮಾತ್ರೆ ಪೂರ್ತಿ ನಿಂತಿದೆ.

ಬನ್ನಿ ಅತ್ತಿಗೆ. ನೀವೇ ಎದುರಿಗೆ ನಿಂತು ಹೇಳಿದರೆ ಅರ್ಥವಾಗಬಹುದು.

ನಿಮ್ಮ
ತಮ್ಮನ ಹೆಂಡತಿ


ಸೆಪ್ಟೆಂಬರ್ ೨೩

ತಂಗಿಗೆ,

ಬಸ್ಸಿನ ಕಿಟಕಿಯ ಗಾಳಿಯೋ, ಉಪವಾಸದ ಮೈಯೋ, ಬಂದಿಳಿಯುವ ಹೊತ್ತಿಗೆ ಕೆಮ್ಮು ಹತ್ತಿತು. ವಾರ್ಡಿನ ಬಾಗಿಲಲ್ಲಿ ಆಯಾ ಕೈ ಅಡ್ಡ ಹಾಕಿದಳು. ‘ಅಮ್ಮಾ, ಕೆಮ್ಮೋರು ಒಳಗೆ ಹೋಗೋ ಹಾಗಿಲ್ಲ. ಒಳಗಿರೋರಿಗೆ ಒಂದು ಸೀನು ಸಾಕು.’

‘ನಾನು ಅವನಿಗೆ ಕಿಡ್ನಿ ಕೊಟ್ಟೋಳು’ ಅಂದೆ.

‘ಕಿಡ್ನಿ ಕೊಟ್ರಿ ಸರಿ, ಕೆಮ್ಮು ಕೊಡ್ಬೇಡಿ’ ಅಂದಳು.

ಅವಳ ಮೇಲೆ ಸಿಟ್ಟಿಲ್ಲ. ಅವಳು ಅಲ್ಲಿ ಹಾಗೆ ನಿಂತಿರುವುದೇ ಸರಿ. ನಿನಗೆ ಇದನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಫೋನು ವಾರ್ಡಿನೊಳಗೆ ಬಿಡುವುದಿಲ್ಲವಂತಲ್ಲ, ಅವನನ್ನು ಬಿಟ್ಟು ನೀನು ಹೊರಗೆ ಬರುವಂತೆಯೂ ಇಲ್ಲ. ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಕೋಣೆ ಹಿಡಿದಿದ್ದೇನೆ. ಒಂದು ಮಂಚ, ಒಂದು ಬಕೆಟ್ಟು, ಪಕ್ಕದ ಕೋಣೆಯಲ್ಲಿ ಯಾರದೋ ಅಳು.

ಮಧ್ಯಾಹ್ನ ನೀನು ಅವನನ್ನು ಗಾಲಿಕುರ್ಚಿಯಲ್ಲಿ ಕಿಟಕಿಗೆ ತಂದೆಯಲ್ಲ, ಆಗ ನಾನು ಬೀದಿಯಲ್ಲಿ ವಿದ್ಯುತ್ ಕಂಬದ ಹತ್ತಿರ ನಿಂತು ಕೈ ಬೀಸಿದೆ. ಎರಡು ಕೈ ಎತ್ತಿ ಬೀಸಿದೆ. ಅವನು ಬೀದಿಯನ್ನೇ ನೋಡುತ್ತಿದ್ದ, ನನ್ನನ್ನು ನೋಡಲಿಲ್ಲ. ಮರೆತನೇನೋ ಅಂದುಕೊಂಡೆ. ಆಮೇಲೆ ಹೊಳೆಯಿತು, ಆ ಕಂಬ ಇರುವುದು ಅವನ ಬಲಗಡೆ. ಆ ಕಡೆ ಅವನಿಗೆ ಏನೂ ಇಲ್ಲ. ನಾನು ಜನರನ್ನು ತಳ್ಳಿಕೊಂಡು ಇನ್ನೊಂದು ಕಡೆಗೆ ಓಡಿ ತಲೆ ಎತ್ತುವಷ್ಟರಲ್ಲಿ ಕುರ್ಚಿ ಒಳಗೆ ಹೋಗಿತ್ತು.

ನಾಳೆ ಅದೇ ಹೊತ್ತಿಗೆ ತಾ. ನಾನು ಈಗಿನಿಂದಲೇ ಎಡಗಡೆ ನಿಂತಿರುತ್ತೇನೆ.

ಅಕ್ಕ


ಸೆಪ್ಟೆಂಬರ್ ೨೬

ಅತ್ತಿಗೆ,

ಇವತ್ತೂ ಕಿಟಕಿಗೆ ತರಲಾಗಲಿಲ್ಲ, ಜ್ವರ. ಮೈಗೆ ಶಕ್ತಿ ಮರಳುತ್ತಿದೆಯಂತೆ. ಅದು ಮೊದಲು ಹಿಡಿದದ್ದು ಕಿಡ್ನಿಯನ್ನು. ಮೂತ್ರ ಕಡಿಮೆಯಾಗಿದೆ, ಕಾಲು ಊದಿದೆ.

ಕಿಡ್ನಿ ಡಾಕ್ಟರು ಹೇಳುತ್ತಾರೆ, ಜೋರು ಔಷಧಿ ಕೊಟ್ಟರೆ ಕಿಡ್ನಿ ಇನ್ನೂ ಉಳಿದೀತು. ಡಾಕ್ಟರಮ್ಮ ಹೇಳುತ್ತಾರೆ, ಅದನ್ನು ಕೊಟ್ಟರೆ ಈಗ ತಾನೆ ಏಳುತ್ತಿರುವ ಶಕ್ತಿ ಮತ್ತೆ ಮಲಗುತ್ತದೆ, ಮೆದುಳು ಉಳಿಯುವುದಿಲ್ಲ. ಕೊಡದಿದ್ದರೆ ಕಿಡ್ನಿ ಹೋಗುತ್ತದೆ, ಡಯಾಲಿಸಿಸ್‌ಗೆ ಹಾಕಬೇಕು. ಆಗಲೂ ಮೆದುಳು ಉಳಿಯುತ್ತದೆಂದು ಅವರು ಹೇಳುತ್ತಿಲ್ಲ. ನಾಳೆ ಸಂಜೆಯೊಳಗೆ ನಾನು ಹೇಳಬೇಕಂತೆ. ನಿಮ್ಮ ಮಾತಿಲ್ಲದೆ ನನ್ನ ಬಾಯಿಂದ ಬರುವುದಿಲ್ಲ. ಅದು ನಿಮ್ಮ ಮೈಯಿಂದ ಬಂದದ್ದು.

ಇನ್ನೊಂದು. ಬೆಳಗಾದರೆ ಎಡಗೈ ಚಾಚಿ ಮಾತ್ರೆ ಕೇಳುತ್ತಾರೆ. ಕೊಡದಿದ್ದರೆ ಅಳುತ್ತಾರೆ. ಅದೇ ಬಣ್ಣದ ಶಕ್ತಿಮಾತ್ರೆ ಇದೆ, ಅದನ್ನು ಕೊಡಿ, ಅವರಿಗೇನು ತಿಳಿಯುತ್ತದೆ ಎನ್ನುತ್ತಾಳೆ ನರ್ಸು. ದೀಪದ ಮುಂದಿನ ಮಾತಿಗೆ ಹೀಗೆ ಮಾಡಬಹುದೇ, ನೀವೇ ಹೇಳಿ.

ನಿಮ್ಮವಳು


ಸೆಪ್ಟೆಂಬರ್ ೨೭, ಮಧ್ಯಾಹ್ನ

ತಂಗಿಗೆ,

ಜೋರು ಔಷಧಿ ಬೇಡ ಎಂದು ಹೇಳು. ಕಿಡ್ನಿಯನ್ನು ಬಿಟ್ಟುಬಿಡಲಿ.

ಇದನ್ನು ಬರೆಯುವ ಮೊದಲು ಬೆಳಿಗ್ಗೆ ಗೇಟಿನಲ್ಲಿ ಕಾದು ಡಾಕ್ಟರಮ್ಮನನ್ನು ಹಿಡಿದೆ. ಸೆರಗು ಬಾಯಿಗೆ ಕಟ್ಟಿಕೊಂಡು ದೂರದಿಂದಲೇ ಕೇಳಿದೆ, ‘ಬಿಟ್ರೆ ಅವನು ಉಳೀತಾನಾ?’ ಎಂದು. ಅವರು ಚೀಲ ಕೆಳಗಿಟ್ಟು ನಿಂತರು. ‘ನನಗೂ ಗೊತ್ತಿಲ್ಲ ಅಮ್ಮ’ ಎಂದರು. ಇಷ್ಟು ದಿನ ಯಾರೂ ಹಾಗೆ ಹೇಳಿರಲಿಲ್ಲ. ಅದೊಂದು ಮಾತಿಗೆ ಅವರನ್ನು ನಂಬಿದೆ. ಉಳಿದರೂ ಮಾತು ಮರಳುವುದು, ಕತ್ತರಿ ಹಿಡಿಯುವುದು ಕಷ್ಟ ಎಂದರು. ತಲೆಯಾಡಿಸಿದೆ. ಇನ್ನೇನು ಮಾಡಲಿ.

ಶಕ್ತಿಮಾತ್ರೆ ಕೊಡು. ದೀಪದ ಮುಂದೆ ಆಡಿದ ಮಾತಿಗೆ ನಾನು ಹುಟ್ಟಿದಾಗಿನಿಂದ ಸುಳ್ಳು ಬೆರೆಸಿದವಳಲ್ಲ, ಇನ್ನೊಬ್ಬರು ಬೆರೆಸಿದರೆ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆದರೆ ಅವನು ಕೈ ಚಾಚಿ ಅಳುತ್ತಾನೆ ಎಂದು ಬರೆದಿದ್ದೀಯ. ಕೊಡು. ಎಡಗಡೆ ನಿಂತು ಕೊಡು. ಪಾಪವಿದ್ದರೆ ನನ್ನ ಲೆಕ್ಕಕ್ಕೆ ಬರಲಿ ಎಂದು ದೇವರಿಗೆ ಹೇಳಿಯಾಗಿದೆ.

ಕೆಳಗಿನದನ್ನು ಅವನ ಕಿವಿಯ ಹತ್ತಿರ ಓದು. ಅರ್ಥವಾಗುವುದಿಲ್ಲ ಎಂದು ನನಗೂ ಗೊತ್ತು, ಓದು.

ಸಣ್ಣೋನೇ, ಯಾರು ಏನೇ ಹೇಳಲಿ ಎಂದು ನಿನ್ನಿಂದ ಮಾತು ತೆಗೆದುಕೊಂಡೆ. ಆ ಯಾರಲ್ಲಿ ನಾನು ಸೇರಿರಲಿಲ್ಲ ಕಣೋ. ಈಗ ನಾನೇ ಹೇಳುತ್ತಿದ್ದೇನೆ, ಬಿಡು. ನೀನು ಒಂದು ಹೊತ್ತೂ ತಪ್ಪಿಸಲಿಲ್ಲ. ಇಷ್ಟು ಕಷ್ಟದಲ್ಲಿ, ಎಡಗೈಯಲ್ಲಿ ಹೊಲಿದು ಹೊಲಿದು, ಉಳಿಸಿಕೊಂಡೆ. ಅಕ್ಕನಿಗೆ ಸಾಕು.

ಅಕ್ಕ


ಸೆಪ್ಟೆಂಬರ್ ೨೭, ಸಂಜೆಯಾಗುತ್ತಿದೆ

ತಂಗಿಗೆ,

ಈ ಚೀಟಿಯನ್ನು ಗೇಟಿನ ಹೊರಗೆ ಹಣ್ಣು ಮಾರುವವಳು ತಂದುಕೊಡುತ್ತಾಳೆ. ಉತ್ತರ ಯಾಕೆ ಬರಲಿಲ್ಲ ಎಂದು ನೀನು ಕಾಯುತ್ತಿರಬೇಕು. ಅದನ್ನು ಮಧ್ಯಾಹ್ನವೇ ಬರೆದಿದ್ದೇನೆ. ಮಡಿಚಿ ಹಿಡಿದುಕೊಂಡು ಗೇಟಿನವರೆಗೆ ಬಂದೆ, ತಿರುಗಿ ಹೋದೆ. ಮತ್ತೆ ಬಂದೆ. ಹಣ್ಣಿನವಳು ‘ಕೊಡಮ್ಮ, ನಾನು ಒಳಗೆ ಹೋಗೋಳೇ’ ಎಂದು ಕೈ ಚಾಚಿದಳು. ಕೊಡಲು ಹೋದೆ, ನನ್ನ ಬೆರಳು ಬಿಡಲಿಲ್ಲ. ಅವಳ ಹತ್ತಿರ ಒಂದು ತುಂಡು ಕಾಗದ ಕೇಳಿ ಇದನ್ನು ಬರೆದುಕೊಟ್ಟೆ.

ಡಾಕ್ಟರು ಮನೆಗೆ ಹೊರಡುವ ಹೊತ್ತಾಯಿತು. ನಾನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೇನೆ, ಕಾಗದ ಮಡಿಲಲ್ಲಿದೆ. ಬೇಗ ಯಾರನ್ನಾದರೂ ಕಳಿಸು. ಮೆತ್ತಗಿನವರನ್ನು ಕಳಿಸಬೇಡ, ಆ ಆಯಾಳನ್ನೇ ಕಳಿಸು. ನಾನು ಕೊಡುವುದಿಲ್ಲ ಎಂದರೂ ಕೇಳದೆ ಕಿತ್ತುಕೊಂಡು ಬರಲಿ.

ಅಕ್ಕ